ನೋವಿಲ್ಲದ ಸುಟ್ಟ ಗಾಯ: ಒಂದು ಕೈ, ಏಳು ಮಚ್ಚೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ವಿಜಯಪುರ ಜಿಲ್ಲೆಯ ಒಂದು ತಾಲೂಕಿನ ಆಸ್ಪತ್ರೆ. ಡ್ರೆಸ್ಸಿಂಗ್ ಕೋಣೆಯ ಬೆಂಚಿನ ಮೇಲೆ ಸುಮಾರು 45 ವರ್ಷದ ಹೆಣ್ಣುಮಗಳೊಬ್ಬರು ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ಸೋಲಾಪುರ ರಸ್ತೆಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ. ದಿನಕ್ಕೆ ಇನ್ನೂರು ರೊಟ್ಟಿ, ಮದುವೆ ದಿನಗಳಲ್ಲಿ ಅದಕ್ಕಿಂತ ಜಾಸ್ತಿ. ಕೈ ಸುಟ್ಟುಕೊಂಡಿದ್ದರು. ಮೂರು ವಾರದಲ್ಲಿ ಇದು ಅವರ ಮೂರನೇ ಭೇಟಿ. ಅವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿದ ನರ್ಸ್ ನಾನೇ. ಸಲೈನ್‌ನಿಂದ ತೊಳೆದೆ, ಮುಲಾಮು ಹಚ್ಚಿದೆ, ಧನುರ್ವಾಯು ತಡೆಯುವ ಇಂಜೆಕ್ಷನ್ ಚುಚ್ಚಿದೆ. ಚೀಟಿಯಲ್ಲಿ 'ಗಾಯ ಬಿಟ್ಟು ಉಳಿದ ಚರ್ಮ ಸರಿ ಇದೆ' ಅಂತ ಬರೆದೆ. ಉಳಿದ ಚರ್ಮವನ್ನು ನಾನು ನೋಡಿರಲೇ ಇಲ್ಲ. ಮಣಿಕಟ್ಟಿನಿಂದ ಮೇಲೆ ಹಸಿರು ಬಳೆ, ಅದರ ಮೇಲೆ ಕುಪ್ಪಸದ ತೋಳು, ಅದರ ಮೇಲೆ ಸೆರಗು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಎರಡನೇ ಭೇಟಿಯಲ್ಲಿ ಬೇರೊಬ್ಬರು ಡ್ಯೂಟಿಯಲ್ಲಿದ್ದರು. ಅವರೂ ಅದೇ ಸಾಲನ್ನು ನಕಲು ಮಾಡಿದ್ದರು.

ಮೂರನೇ ಸಲ ಹಳೆಯ ಪಟ್ಟಿ ಗಾಯಕ್ಕೆ ಅಂಟಿಕೊಂಡಿತ್ತು. ಸಲೈನ್ ಸುರಿದು ನೆನೆಸಿದೆ. ಒಂದು ಮೂಲೆ ಮಾತ್ರ ಬಿಡಲಿಲ್ಲ. ಎಳೆದೆ. ಒಂದು ಎಳೆ ಚರ್ಮವೂ ಜತೆಗೆ ಬಂತು, ರಕ್ತ ಒಸರಿತು. ಅವರು ಕಿಟಕಿಯ ಕಡೆ ಮುಖ ಮಾಡಿ ಪಕ್ಕದ ಅಜ್ಜಿಯ ಜತೆ ಮಳೆ ಬಗ್ಗೆ ಮಾತಾಡುತ್ತಿದ್ದರು. ಮಾತು ನಿಲ್ಲಲಿಲ್ಲ. ಕೈ ಹಿಂದಕ್ಕೆ ಸರಿಯಲಿಲ್ಲ.

"ನೋವಾಗಲಿಲ್ಲೇನ್ರಿ ಅಕ್ಕಾರ?"

"ಇಲ್ಲರಿ ಬಾಯಾರ. ಸುಡುವಾಗೂ ಆಗಲಿಲ್ಲ. ಗುಳ್ಳಿ ಎದ್ದಮ್ಯಾಲೆನ ನೋಡಿದ್ನಿ."

ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕು. ಸುಟ್ಟ ಗಾಯ ಚರ್ಮದ ಪೂರ್ತಿ ಆಳಕ್ಕೆ ಇಳಿದಿದ್ದರೆ ಅಲ್ಲಿ ನೋವು ಇರುವುದಿಲ್ಲ, ಯಾಕಂದರೆ ನರದ ತುದಿಗಳೇ ಸುಟ್ಟಿರುತ್ತವೆ. ಅಂಥ ಗಾಯ ಬೆಳ್ಳಗೆ ಅಥವಾ ಕಂದಾಗಿ, ತೊಗಲಿನ ಹಾಗೆ ಗಟ್ಟಿಯಾಗಿ ಕಾಣುತ್ತದೆ. ಇದು ಹಾಗಿರಲಿಲ್ಲ. ಗುಲಾಬಿ ಬಣ್ಣ, ಒದ್ದೆ, ಗುಳ್ಳೆ ಒಡೆದ ಮೇಲ್ಮೈ ಸುಟ್ಟ ಗಾಯ. ಗಾಳಿ ಸೋಕಿದರೂ ಚುರುಗುಟ್ಟಬೇಕಾದ ಗಾಯ. ಅದು ಸುಮ್ನೆ ಇತ್ತು.

ಗಾಯ ಇದ್ದ ಜಾಗವೂ ವಿಚಿತ್ರ. ನಮ್ಮ ಕಡೆ ರೊಟ್ಟಿ ಬಡಿಯುವವರ ಕೈ ನಾನು ಬಹಳ ನೋಡಿದ್ದೇನೆ. ನನ್ನ ಅವ್ವನ ಕೈಯೂ ಅಂಥದ್ದೇ. ಸುಟ್ಟ ಕಲೆ ಇರುವುದು ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ. ರೊಟ್ಟಿಯ ಅಂಚು ಹಿಡಿದು ಮಗುಚುವುದು ಆ ಎರಡು ಬೆರಳಿನಿಂದ ಅಲ್ವಾ? ಇವರ ಆ ಬೆರಳುಗಳು ಚೆನ್ನಾಗಿದ್ದವು. ಗಾಯ, ಹಳೆಯ ಕಲೆ, ಎಲ್ಲ ಕಿರುಬೆರಳು ಮತ್ತು ಅಂಗೈಯ ಹೊರ ಅಂಚಿನಲ್ಲಿ. ಹೇಗೆ ಸುಟ್ಟಿತು ಅಂತ ಕೇಳಿದೆ. ಕೈಯಲ್ಲಿ ಬಟ್ಟೆ ಹಿಡಿದಂತೆ ಮಾಡಿ ತೋರಿಸಿದರು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುವಾಗ ಕೈಯ ಹೊರ ಅಂಚು ಹಂಚಿಗೆ ತಾಗುತ್ತದೆ. ಎಲ್ಲರಿಗೂ ತಾಗುತ್ತದೆ. ಎಲ್ಲರೂ ತಟ್ಟನೆ ಎತ್ತುತ್ತಾರೆ. ಇವರಿಗೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ.

ಕಿರುಬೆರಳು, ಉಂಗುರ ಬೆರಳಿನ ಅರ್ಧ, ಅಂಗೈಯ ಹೊರ ಅಂಚು. ಇಷ್ಟು ಜಾಗಕ್ಕೆ ಸ್ಪರ್ಶ ಕೊಡುವುದು ಒಂದೇ ನರ, ಅಲ್ನಾರ್ ನರ. ಮೊಣಕೈ ಏನಕ್ಕಾದರೂ ತಾಗಿದಾಗ ಜುಮ್ ಅನ್ನುತ್ತದಲ್ಲ, ಅದೇ. ಗಾಯದ ನಕ್ಷೆ ಆ ನರದ ನಕ್ಷೆಯ ಮೇಲೆ ಸರಿಯಾಗಿ ಕೂತಿತ್ತು.

ಡ್ಯೂಟಿ ಡಾಕ್ಟರ್‌ಗೆ ಹೇಳಿದೆ. ಮೊದಲು ಅವರ ತಲೆಗೆ ಬಂದದ್ದು ಸಕ್ಕರೆ ಕಾಯಿಲೆ. ಅದು ಸಹಜ. ನಮ್ಮಲ್ಲಿ ಸ್ಪರ್ಶ ಹೋದ ಕೈಕಾಲು ಅಂದರೆ ಹೆಚ್ಚಿನ ಸಲ ಶುಗರ್. ಗ್ಲುಕೋಮೀಟರ್‌ನಲ್ಲಿ 112 ಬಂತು. ಅದೊಂದೇ ಅಂಕಿ ಸಾಕಾಗದು, ಆದರೆ ಇನ್ನೊಂದು ಮಾತಿದೆ. ಸಕ್ಕರೆ ಕಾಯಿಲೆಯಲ್ಲಿ ಮರಗಟ್ಟುವುದು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ, ಎರಡೂ ಕಡೆ ಸಮನಾಗಿ, ಕಾಲುಚೀಲ ಹಾಕಿದ ಹಾಗೆ ಮೇಲೇರುತ್ತದೆ. ಇವರ ಎರಡೂ ಪಾದ ಮುಟ್ಟಿ ನೋಡಿದೆ. ಕಣ್ಣು ಮುಚ್ಚಿಕೊಂಡೇ ಪ್ರತಿ ಬೆರಳನ್ನೂ ಸರಿಯಾಗಿ ಹೇಳಿದರು. ಒಂದೇ ಕೈ, ಒಂದೇ ಬದಿ. ಡಾಕ್ಟರ್ "ಪೂರ್ತಿ ನೋಡಿ ಹೇಳಿ ಸಿಸ್ಟರ್" ಅಂದರು.

ಪೂರ್ತಿ ನೋಡುವುದು

ಪೂರ್ತಿ ನೋಡಲು ಬಟ್ಟೆ ಸರಿಸಬೇಕು. ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಅದು ಸಣ್ಣ ಮಾತಲ್ಲ. ಪರದೆ ಎಳೆದೆ, ಬಾಗಿಲ ಚಿಲಕ ಹಾಕಿದೆ, ಅವರ ಜತೆ ಬಂದಿದ್ದ ಸೊಸೆ ಒಳಗಿರಲಾ ಹೊರಗಿರಲಾ ಅಂತ ಅವರನ್ನೇ ಕೇಳಿದೆ. "ಹೊರಗಿರಲಿ" ಅಂದರು. ಬಳೆ ತೆಗೆಸಲಿಲ್ಲ. ಮೊಣಕೈ ಕಡೆ ಸರಿಸಿ, ನೋಡಿ, ಮತ್ತೆ ಇಳಿಸಿದೆ. ಮುತ್ತೈದೆಯ ಬಳೆ ತೆಗೆಯಿರಿ ಅಂತ ಒರಟಾಗಿ ಹೇಳಿದರೆ ಮುಂದಿನ ಯಾವ ಮಾತಿಗೂ ಅವರು ಬಾಯಿ ಬಿಡುವುದಿಲ್ಲ. ಇದು ನನ್ನ ಅನುಭವ.

ಟ್ಯೂಬ್‌ಲೈಟ್ ಆರಿಸಿ ಅವರನ್ನು ಕಿಟಕಿಯ ಹತ್ತಿರ ಕೂಡಿಸಿದೆ. ಕಪ್ಪು, ಕಂದು ಚರ್ಮದ ಬಣ್ಣದ ವ್ಯತ್ಯಾಸ ಹಗಲು ಬೆಳಕಿನಲ್ಲೇ ಸರಿಯಾಗಿ ಕಾಣುವುದು. ನಾವು ಓದಿದ ಎಷ್ಟೋ ಚಿತ್ರಗಳು ಬಿಳಿ ಚರ್ಮದವು. ಅಲ್ಲಿ ಕೆಂಪು ಅಂತ ಬರೆದಿರುವುದು ನಮ್ಮ ಜನರ ಮೈಮೇಲೆ ಇನ್ನಷ್ಟು ಕಪ್ಪಾಗಿ, ನೇರಳೆಯಾಗಿ ಕಾಣಬಹುದು, ಅಥವಾ ಕಾಣದೇ ಇರಬಹುದು. ಅದಕ್ಕೇ ಕಣ್ಣಿನ ಜತೆ ಕೈಯೂ ಬೇಕು. ಬಿಸಿ ಇದೆಯಾ, ಊತ ಇದೆಯಾ, ಒರಟಾಗಿದೆಯಾ, ಒಣಗಿದೆಯಾ ಅಂತ ಬೆರಳ ಹಿಂಭಾಗದಿಂದ ಮುಟ್ಟಿ ನೋಡಬೇಕು.

ಇನ್ನೊಂದು ತೊಡಕು ಅರಿಷಿಣ. ಮುಖ, ಕೈ, ಪಾದ ಎಲ್ಲ ಹಳದಿ. ಅರಿಷಿಣ ಹಚ್ಚಿದ ಮೈಯಲ್ಲಿ ಕಾಮಾಲೆ ಹುಡುಕುವುದು ಕಷ್ಟ, ಬಿಳಿಚಿದ ಮಚ್ಚೆ ಹುಡುಕುವುದೂ ಕಷ್ಟ. ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಕಾಮಾಲೆಗೆ ಕಣ್ಣಿನ ಬಿಳಿ ಭಾಗ ನೋಡಿದೆ. ಹಳದಿ ಇರಲಿಲ್ಲ. ರಕ್ತ ಕಡಿಮೆ ಇದೆಯಾ ಅಂತ ಉಗುರು ನೋಡೋಣ ಅಂದರೆ ಯುಗಾದಿಗೆ ಹಚ್ಚಿದ ಮದರಂಗಿ ಇನ್ನೂ ಇತ್ತು. ಕೆಳಗಣ ರೆಪ್ಪೆ ಬಿಡಿಸಿ ನೋಡಿದೆ, ನಾಲಿಗೆ ನೋಡಿದೆ. ಸ್ವಲ್ಪ ಬಿಳಿಚಿತ್ತು. ಹಿಮೋಗ್ಲೋಬಿನ್ ಪರೀಕ್ಷೆಗೆ ಬರೆಸಿದೆವು. ಅದು ಮುಂದೆ ಉಪಯೋಗಕ್ಕೆ ಬಂತು.

ಉಗುರಿನ ಆಕಾರ ಮದರಂಗಿಯಲ್ಲಿ ಮುಚ್ಚಿಹೋಗುವುದಿಲ್ಲ. ಚಮಚದಂತೆ ತಗ್ಗು ಬಿದ್ದಿರಲಿಲ್ಲ, ಬುಡ ಉಬ್ಬಿರಲಿಲ್ಲ. ಒಂಬತ್ತು ಉಗುರು ನಯವಾಗಿದ್ದವು. ಬಲಗೈ ಕಿರುಬೆರಳಿನದು ಮಾತ್ರ ಒಣಗಿ, ಗೆರೆ ಬಿದ್ದು, ತುದಿ ಮುರಿದಿತ್ತು. ಫಂಗಸ್ ಆಗಿದ್ದರೆ ಹಾಗೂ ಒಂದೇ ಉಗುರಿಗೆ ಬರಬಹುದು. ಆದರೆ ಅದೇ ಬೆರಳು, ಅದೇ ಬದಿ. ಬರೆದುಕೊಂಡೆ.

ತಲೆಗೂದಲು ದಟ್ಟವಾಗಿತ್ತು. ಹುಬ್ಬಿನ ಹೊರತುದಿ ಉದುರಿದೆಯಾ, ಕಿವಿಯ ಹಾಲೆ ದಪ್ಪಗಾಗಿದೆಯಾ ಅಂತ ನೋಡಿದೆ. ಇಲ್ಲ.

ಆಮೇಲೆ ತೋಳು. ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ಕುಪ್ಪಸದ ತೋಳಿನ ಕೆಳಗೆ, ಅಂಗೈಯಗಲದ ಒಂದು ಮಚ್ಚೆ. ಸುತ್ತಲಿನ ಚರ್ಮಕ್ಕಿಂತ ತುಸು ತಿಳಿ, ತಾಮ್ರದ ಛಾಯೆ. ಪೂರ್ತಿ ಬಿಳಿ ಅಲ್ಲ. ತೊನ್ನು ಆಗಿದ್ದರೆ ಸುಣ್ಣದ ಹಾಗೆ ಬೆಳ್ಳಗಿರುತ್ತದೆ, ಸ್ಪರ್ಶ ಇರುತ್ತದೆ. ಗಜಕರ್ಣ ಆಗಿದ್ದರೆ ಅಂಚು ಉಬ್ಬಿ, ಹೊಟ್ಟು ಎದ್ದು, ತುರಿಕೆ ಇರುತ್ತದೆ. ಚಿಬ್ಬು ಆಗಿದ್ದರೆ ಕೆರೆದಾಗ ಪುಡಿ ಉದುರುತ್ತದೆ. ಇಲ್ಲಿ ತುರಿಕೆಯೂ ಇಲ್ಲ, ನೋವೂ ಇಲ್ಲ. "ಅದು ವರ್ಷದಿಂದ ಐತ್ರಿ. ಏನೂ ತ್ರಾಸ ಕೊಡೂದಿಲ್ಲ. ಅದಕ್ಕ ಬಿಟ್ಟೀನಿ" ಅಂದರು. ತ್ರಾಸ ಕೊಡದ ಕಾರಣಕ್ಕೇ ಈ ಮಚ್ಚೆ ವರ್ಷಗಟ್ಟಲೆ ಉಳಿದುಬಿಡುತ್ತದೆ.

ನಾನು ಮರೆಯದೇ ಇರುವುದು ಮುಂದೆ ಕಂಡದ್ದನ್ನು. ಏಪ್ರಿಲ್ ಬಿಸಿಲು, ಅಷ್ಟರಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಇಬ್ಬರೂ ಬೆವರುತ್ತಿದ್ದೆವು. ಅವರ ತೋಳಿನ ಮೇಲೆ ಸಣ್ಣ ಸಣ್ಣ ಬೆವರ ಹನಿ. ಆ ಹನಿಗಳು ಮಚ್ಚೆಯ ಅಂಚಿನವರೆಗೆ ಬಂದು ನಿಂತಿದ್ದವು. ಮಚ್ಚೆಯೊಳಗೆ ಒಂದು ಹನಿಯೂ ಇಲ್ಲ. ಗೀಟು ಎಳೆದ ಹಾಗೆ. ಮಚ್ಚೆಯ ಮೇಲಿನ ಕೂದಲೂ ಉದುರಿತ್ತು. ಸುತ್ತ ನವಿರು ಕೂದಲು, ನಡುವೆ ನುಣುಪು ಒಣ ಬಯಲು. ಬೆವರಿನ ಗ್ರಂಥಿಗೂ ಕೂದಲಿನ ಬುಡಕ್ಕೂ ಹೋಗುವ ಸಣ್ಣ ನರಗಳು ಕೆಟ್ಟಾಗ ಹೀಗಾಗುತ್ತದೆ. ಚರ್ಮ, ಕೂದಲು, ಉಗುರು ಅಂತ ಮೂರು ಕಾಲಂ ಮಾಡಿ ನಾವು ಬರೆಯುತ್ತೇವೆ. ಮೂರೂ ಕಾಲಂನಲ್ಲಿ ಒಂದೇ ಮಾತು ಬರುತ್ತಿತ್ತು.

ಪೆನ್ನಿನ ತುದಿ

ಸ್ಪರ್ಶ ನೋಡುವುದಕ್ಕೆ ದೊಡ್ಡ ಸಾಮಾನು ಬೇಡ. ಮಚ್ಚೆಗೆ ಹತ್ತಿಯ ಎಳೆ, ಅಂಗೈಗೆ ಬಾಲ್‌ಪೆನ್ನಿನ ತುದಿ ಸಾಕು. ಆದರೆ ಮಾಡುವ ಕ್ರಮ ಮುಖ್ಯ. ಮೊದಲು ಅವರು ಕಣ್ಣು ಬಿಟ್ಟಿರುವಾಗಲೇ ಚೆನ್ನಾಗಿರುವ ಚರ್ಮದ ಮೇಲೆ ಮುಟ್ಟಿ ತೋರಿಸಬೇಕು. 'ಹೀಗೆ ಮುಟ್ಟಿದಾಗ ಆ ಜಾಗ ಬೆರಳಿಟ್ಟು ತೋರಿಸಿರಿ' ಅನ್ನಬೇಕು. ಆಮೇಲೆ ಕಣ್ಣು ಮುಚ್ಚಿಸಬೇಕು. ಒಂದು ಲಯದಲ್ಲಿ ಮುಟ್ಟಬಾರದು, ಅಂದಾಜಿನ ಮೇಲೆ ಹೇಳಿಬಿಡುತ್ತಾರೆ. ನಡುನಡುವೆ ಮುಟ್ಟದೇ ಸುಮ್ನೆ ಇರಬೇಕು. 'ಗೊತ್ತಾಗತೈತೇನ್ರಿ?' ಅಂತ ಮಾತ್ರ ಕೇಳಬಾರದು. ನಮ್ಮ ಜನ ಸಿಸ್ಟರ್ ಮನಸ್ಸು ನೋಯಿಸಬಾರದು ಅಂತ ಹೌದು ಅಂದುಬಿಡುತ್ತಾರೆ. ಗುಂಡುಪಿನ್ ಚುಚ್ಚುವುದೂ ಬೇಡ. ಸ್ಪರ್ಶವಿಲ್ಲದ ಚರ್ಮಕ್ಕೆ ಇನ್ನೊಂದು ಗಾಯ ಯಾಕೆ?

ಮಚ್ಚೆಯ ಹೊರಗೆ ಹತ್ತಿ ಸೋಕಿದಾಗಲೆಲ್ಲ ಅವರ ಎಡಗೈ ಬೆರಳು ಸರಿಯಾಗಿ ಅಲ್ಲಿಗೇ ಬಂತು. ಮಚ್ಚೆಯ ಒಳಗೆ ಐದು ಸಲ ಮುಟ್ಟಿದೆ. ಎಡಗೈ ತೊಡೆಯ ಮೇಲೆಯೇ ಇತ್ತು. "ಮುಟ್ರಿ ಬಾಯಾರ, ಯಾಕ ಸುಮ್ನ ಕುಂತ್ರಿ?" ಅಂದರು. ಕಿರುಬೆರಳು, ಅಂಗೈ ಹೊರ ಅಂಚಿನ ನಾಲ್ಕು ಜಾಗದಲ್ಲೂ ಪೆನ್ನು ಒತ್ತಿದ್ದು ಗೊತ್ತಾಗಲಿಲ್ಲ.

ಮೊಣಕೈಯ ಒಳಬದಿಯ ಎಲುಬಿನ ಹಿಂದಿನ ತಗ್ಗಿನಲ್ಲಿ ಎರಡೂ ಕಡೆ ಒಟ್ಟಿಗೆ ಮುಟ್ಟಿ ಹೋಲಿಸಿದೆ. ಎಡಗಡೆ ನರ ಮೆತ್ತಗೆ ಜಾರಿತು. ಬಲಗಡೆ ಲಂಗದ ಲಾಡಿಯ ಹಾಗೆ ದಪ್ಪ. ಮುಟ್ಟುವಾಗ ಕಣ್ಣು ಕೈಯ ಮೇಲಲ್ಲ, ಅವರ ಮುಖದ ಮೇಲಿರಬೇಕು. ಹುಬ್ಬು ಗಂಟಿಕ್ಕಿದರು. ನರ ನೋಯುತ್ತಿತ್ತು. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸ ಸ್ವಲ್ಪ ಇಳಿದಿತ್ತು. ಉಂಗುರ ಬೆರಳು, ಕಿರುಬೆರಳಿನ ನಡುವೆ ಒಂದು ಕಾಗದ ಹಿಡಿಯಲು ಹೇಳಿದೆ. ನಾನು ಎಳೆದ ಕೂಡಲೇ ಬಂದುಬಿಟ್ಟಿತು.

ಬಣ್ಣಗೆಟ್ಟ ಮಚ್ಚೆಯಲ್ಲಿ ಸ್ಪರ್ಶ ಹೋಗಿರುವುದು, ದಪ್ಪಗಾದ ನರದ ಜತೆ ಸ್ಪರ್ಶ ಅಥವಾ ಬಲ ಕಡಿಮೆಯಾಗಿರುವುದು. ಕುಷ್ಠರೋಗದ ಮುಖ್ಯ ಗುರುತುಗಳಲ್ಲಿ ಎರಡು ಇಲ್ಲೇ ಇದ್ದವು.

ಮೂರಾ, ಏಳಾ?

ತೋಳಿನಲ್ಲಿ ಒಂದು, ಬೆನ್ನಿನ ಮೇಲೆ ಎರಡು. ಮೂರು ಮಚ್ಚೆ ಅಂತ ಬರೆದು ಡಾಕ್ಟರ್‌ಗೆ ಕೊಡಲು ಹೊರಟಿದ್ದೆ. ಬಾಗಿಲವರೆಗೆ ಹೋಗಿ ನಿಂತೆ. ಸೊಂಟದಿಂದ ಕೆಳಗೆ ನೋಡಿರಲಿಲ್ಲ. ಅವರಿಗೂ ಸಂಕೋಚ, ನನಗೂ ಹೊತ್ತಾಗಿತ್ತು. ಮೂರು ವಾರದ ಹಿಂದೆ ಇದೇ ಅವಸರದಲ್ಲಿ ಬರೆದ ಸಾಲು ಕೈಯಲ್ಲಿದ್ದ ಚೀಟಿಯಲ್ಲೇ ಇತ್ತು. ವಾಪಸ್ ಬಂದು ಕೇಳಿದೆ. ಒಪ್ಪಿದರು. ಕುಂಡೆಯ ಮೇಲೆ ಎರಡು, ತೊಡೆಯ ಹಿಂದೆ ಒಂದು, ಎಡ ಮೀನಖಂಡದ ಮೇಲೆ ಒಂದು. ಅವು ಅವರಿಗೂ ಗೊತ್ತಿರಲಿಲ್ಲ. ತನ್ನ ಬೆನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಒಟ್ಟು ಏಳು.

ಈ ಎಣಿಕೆಯ ಮೇಲೆ ಚಿಕಿತ್ಸೆ ನಿಂತಿದೆ. ಐದು ಮಚ್ಚೆಯವರೆಗೆ ಇದ್ದರೆ ಕಡಿಮೆ ಕ್ರಿಮಿಯ ಬಗೆ, ಆರು ತಿಂಗಳ ಔಷಧ. ಐದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಕ್ರಿಮಿಯ ಬಗೆ, ಹನ್ನೆರಡು ತಿಂಗಳು. ಮೂರು ಅಂತ ಬರೆದು ಕಳಿಸಿದ್ದರೆ ಅರ್ಧ ಚಿಕಿತ್ಸೆಗೇ ಮುಗಿಸಿಬಿಡುವ ಅಪಾಯ ಇತ್ತು. ದೇಹದ ಚಿತ್ರ ಬರೆದು, ಪ್ರತಿ ಮಚ್ಚೆಯ ಜಾಗ, ಸೆಂಟಿಮೀಟರ್ ಅಳತೆ, ಸ್ಪರ್ಶ ಇದೆಯೋ ಇಲ್ಲವೋ ಗುರುತು ಹಾಕಿದೆ. ಡಾಕ್ಟರ್ ತಾವೇ ಮತ್ತೊಮ್ಮೆ ನೋಡಿ ಖಚಿತ ಮಾಡಿದರು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು. ಔಷಧಗಳಲ್ಲಿ ಒಂದಾದ ಡ್ಯಾಪ್ಸೋನ್ ರಕ್ತ ಇನ್ನಷ್ಟು ಕಡಿಮೆ ಮಾಡಬಹುದು. ಅದಕ್ಕೇ ಮೊದಲೇ ಗೊತ್ತಿದ್ದದ್ದು ಒಳ್ಳೆಯದಾಯಿತು.

ಈ ರೋಗ ಹೋಗಿಬಿಟ್ಟಿದೆ ಅಂದುಕೊಂಡವರು ನಮ್ಮಲ್ಲೇ ಬಹಳ ಜನ ಇದ್ದೇವೆ. 2005ರ ಕೊನೆಗೆ ಭಾರತದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಅನ್ನುವ ಮಟ್ಟ ಬಂತು. 'ನಿರ್ಮೂಲನೆ' ಅಂತ ಘೋಷಿಸಿದರು. ಆ ಪದಕ್ಕೆ ಇದ್ದ ಅರ್ಥ ಅಷ್ಟೇ. ಇವತ್ತಿಗೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಸಿಗುತ್ತಾರೆ, ಪ್ರಪಂಚದ ಅರ್ಧಕ್ಕಿಂತ ಹೆಚ್ಚು. ಕ್ರಿಮಿ ಮೈಸೇರಿ ಮಚ್ಚೆ ಕಾಣಲು ವರ್ಷಗಳೇ ಹಿಡಿಯುತ್ತವೆ. ನಾನು ನರ್ಸಿಂಗ್ ಓದುವಾಗ ಈ ಪಾಠ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಅದು ನನಗೆ ಇವತ್ತೂ ಬೇಜಾರು.

ಹೇಳುವ ಹೊತ್ತು

ಡಾಕ್ಟರ್ ರೋಗದ ಹೆಸರು ಹೇಳಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಮಹಾರೋಗೇನ್ರಿ ಬಾಯಾರ? ಮಗಳ ಸಂಸಾರ ಮುರೀತೈತೇನ್ರಿ?"

ನಾನು ಅವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಗ್ಲೌಸ್ ತೆಗೆದು ಕೈ ತೊಳೆದಿದ್ದೆ. ಅಂಥ ಹೊತ್ತಿನಲ್ಲಿ ಮಾತಿಗಿಂತ ಮೊದಲು ಅದೇ ತಲುಪುತ್ತದೆ. ಮುಟ್ಟಿದರೆ, ಒಟ್ಟಿಗೆ ಉಂಡರೆ ಇದು ಬರುವುದಿಲ್ಲ, ಚಿಕಿತ್ಸೆ ಇಲ್ಲದ ರೋಗಿಯ ಜತೆ ಬಹಳ ಕಾಲ ಹತ್ತಿರ ಇದ್ದವರಿಗೆ ಬರಬಹುದು, ಔಷಧ ಶುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ ಅಂತ ಹೇಳಿದೆ. ಪಾಪದ ಫಲ ಅಲ್ಲ, ಒಂದು ಕ್ರಿಮಿ. ನಾರ್ವೆಯ ಡಾಕ್ಟರ್ ಹ್ಯಾನ್ಸೆನ್ ಅದನ್ನು 1873ರಲ್ಲೇ ಕಂಡುಹಿಡಿದಿದ್ದಾರೆ. ಮಗಳ ಮಾತಿಗೆ ಏನು ಹೇಳಲಿ? ಕುಷ್ಠರೋಗ ಬಂತು ಅಂತ ವಿಚ್ಛೇದನ ಕೇಳಲು ನಮ್ಮ ಕಾನೂನಿನಲ್ಲೇ 2019ರವರೆಗೆ ಅವಕಾಶ ಇತ್ತು. ಆ ವರ್ಷ ತಿದ್ದುಪಡಿ ತಂದು ತೆಗೆದರು. ಕಾನೂನಿಗೇ ಅಷ್ಟು ವರ್ಷ ಬೇಕಾಯಿತು. ಇವರ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಯಿತು. "ಮನ್ಯಾಗ ಯಾರಿಗೆ ಹೇಳಬೇಕು ಅನ್ನೋದು ನಿಮ್ಮ ಕೈಯಾಗ ಐತ್ರಿ. ನನ್ನ ಬಾಯಿಂದ ಹೊರಗ ಹೋಗೂದಿಲ್ಲ" ಅಂದೆ. ಖಾನಾವಳಿಯವರಿಗೆ ಕೊಡಲು 'ಕೈ ಸುಟ್ಟಿದೆ, ಒಲೆಯ ಕೆಲಸದಿಂದ ವಿಶ್ರಾಂತಿ ಬೇಕು' ಅಂತ ಮಾತ್ರ ಡಾಕ್ಟರ್ ಬರೆದುಕೊಟ್ಟರು. ಅದು ನಿಜವೂ ಹೌದು, ಸಾಕೂ ಹೌದು.

ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಇರುವ ತಿಂಗಳ ಪ್ಯಾಕ್. ಮೊದಲ ದಿನದ ಗುಳಿಗೆಗಳನ್ನು ನಮ್ಮೆದುರೇ ನುಂಗಿಸಬೇಕು. ಮೂತ್ರ ಕೆಂಪಾಗುತ್ತದೆ ಅಂತ ಮೊದಲೇ ಹೇಳಿದೆ. ಹೇಳದಿದ್ದರೆ ರಕ್ತ ಹೋಗುತ್ತಿದೆ ಅಂತ ಹೆದರಿ ಗುಳಿಗೆ ಬಿಟ್ಟುಬಿಡುತ್ತಾರೆ. ಮೈ ಕಪ್ಪಾಗಬಹುದು, ಒಣಗಬಹುದು, ಚಿಕಿತ್ಸೆ ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ ಅಂತಲೂ ಹೇಳಿದೆ. ಮಚ್ಚೆ ದಿಢೀರ್ ಕೆಂಪಾಗಿ ಊದಿಕೊಂಡರೆ, ನರ ನೋಯತೊಡಗಿದರೆ, ಕೈಯಿಂದ ಸಾಮಾನು ಜಾರತೊಡಗಿದರೆ ಅವತ್ತೇ ಬರಬೇಕು. ಇದನ್ನು ಎರಡು ಸಲ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿದೆ.

ಕಿರುಬೆರಳು ಜುಮ್ ಅನ್ನಲು ಶುರುವಾಗಿ ಮೂರು ತಿಂಗಳಾಗಿತ್ತು. ನರ ಕೆಟ್ಟು ಆರು ತಿಂಗಳೊಳಗೆ ಸ್ಟೆರಾಯ್ಡ್ ಕೊಟ್ಟರೆ ಸ್ಪರ್ಶ ಮರಳುವ ಆಸೆ ಇರುತ್ತದೆ. ಜಿಲ್ಲಾ ಮಟ್ಟದ ಡಾಕ್ಟರ್ ಪ್ರೆಡ್ನಿಸೊಲೋನ್ ಶುರುಮಾಡಿದರು. ವಾರಗಟ್ಟಲೆ ಕೊಟ್ಟು ಮೆಲ್ಲಗೆ ಇಳಿಸುವುದು, ನಡುವೆ ಶುಗರ್, ಬಿಪಿ ನೋಡುತ್ತಿರುವುದು ನಮ್ಮ ಪಾಲಿನ ಕೆಲಸ.

ಉಳಿದದ್ದು ಕೈಯ ಆರೈಕೆ. ದಿನಾ ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಸವರುವುದು, ಗಾಯ ಮಾಯ್ದ ಮೇಲೆ. ಎಡಗೈಯಿಂದ ಕಿರುಬೆರಳನ್ನು ನೆಟ್ಟಗೆ ಮಾಡುವ ವ್ಯಾಯಾಮ. ಬಿಸಿ ಪಾತ್ರೆ ಎತ್ತುವ ಮುನ್ನ ಎಡಗೈಯಿಂದ ಮುಟ್ಟಿ ನೋಡುವುದು. ರಾತ್ರಿ ಮಲಗುವ ಮುಂಚೆ ಎರಡೂ ಕೈ, ಪಾದ ದೀಪದ ಬೆಳಕಲ್ಲಿ ನೋಡಿಕೊಳ್ಳುವುದು. ನೋವು ಹೇಳಬೇಕಾದ್ದನ್ನು ಇನ್ನು ಕಣ್ಣು ಹೇಳಬೇಕು. ನೀರು ಸವರಲು ಉದ್ದ ಕೋಲಿನ ತುದಿಗೆ ಬಟ್ಟೆ ಕಟ್ಟಿಕೊಂಡರೆ ಹೇಗೆ ಅಂತ ಅವರೇ ಕೇಳಿದರು. ನನಗೆ ಹೊಳೆದಿರಲಿಲ್ಲ.

ಮೂರನೇ ತಿಂಗಳ ಪ್ಯಾಕಿಗೆ ಬಂದಾಗ ಸೊಸೆಯನ್ನು ತಾವೇ ಒಳಗೆ ಕರೆದರು. "ಈಕಿನ ಬೆನ್ನೂ ನೋಡ್ರಿ" ಅಂದರು. ಮನೆಯ ಐದೂ ಜನರ ಮೈ ನೋಡಿದೆವು. ಯಾರಿಗೂ ಮಚ್ಚೆ ಇರಲಿಲ್ಲ. ಡಾಕ್ಟರ್ ಸೂಚನೆಯಂತೆ ತಡೆಗಾಗಿ ಒಂದೇ ಡೋಸ್ ರಿಫಾಂಪಿಸಿನ್ ಕೊಡಲಾಯಿತು.

ಆರನೇ ತಿಂಗಳು, ಅಕ್ಟೋಬರ್. ಸುಟ್ಟ ಗಾಯದ ಜಾಗದಲ್ಲಿ ನುಣುಪು ಕಲೆ. ಹೊಸ ಗುಳ್ಳೆ ಒಂದೂ ಇಲ್ಲ. ಮೈಬಣ್ಣ ಕಪ್ಪಾಗಿತ್ತು, ಅದರ ಬಗ್ಗೆ ಅವರು ದೂರಲಿಲ್ಲ. ನಾನು ಜೇಬಿನಿಂದ ಪೆನ್ನು ತೆಗೆಯುವ ಮೊದಲೇ ಕಣ್ಣು ಮುಚ್ಚಿ ಕೈ ಚಾಚಿದರು. ನಾಲ್ಕು ಜಾಗ ಮುಟ್ಟಿದೆ. ಮೂರಕ್ಕೆ ಎಡಗೈ ಏಳಲಿಲ್ಲ. ಕಿರುಬೆರಳಿನ ಬುಡದಲ್ಲಿ ಮುಟ್ಟಿದಾಗ ಬೆರಳು ನಿಧಾನವಾಗಿ ಬಂದು ಅದೇ ಜಾಗದ ಮೇಲೆ ಕೂತಿತು.

"ಇಲ್ಲೇ ಅಲ್ರಿ ಬಾಯಾರ?"

ಚೀಟಿಯಲ್ಲಿ ಬರೆದೆ: ಬಲ ಅಂಗೈ, ಅಲ್ನಾರ್ ಭಾಗ, ನಾಲ್ಕರಲ್ಲಿ ಒಂದು.